ಫಾರ್ಮ್ಯಾಟ್ ಹೊಡೆಯೋ ಮುಂಚೆ ಇಷ್ಟು ನೋಡಿ

ಸಿಸ್ಟಮ್ ಸ್ಲೋ ಆಯ್ತಾ, ಫಾರ್ಮ್ಯಾಟ್. ನೀಲಿ ಪರದೆ ಬಂತಾ, ಫಾರ್ಮ್ಯಾಟ್. ಪೆನ್‌ಡ್ರೈವ್ ಖಾಲಿ ಕಾಣಿಸ್ತಾ, ಅದಕ್ಕೂ ಫಾರ್ಮ್ಯಾಟ್. ನಮ್ಮ ಕಡೆ ರಿಪೇರಿ ಅಂಗಡಿಗಳಲ್ಲಿ ಎಲ್ಲ ಕಾಯಿಲೆಗೂ ಇದೊಂದೇ ಮದ್ದು. ಅವರನ್ನು ದೂರಿ ಪ್ರಯೋಜನವಿಲ್ಲ. ಒಂದೊಂದು ಸಿಸ್ಟಮ್ ಮುಂದೆ ಎರಡು ಗಂಟೆ ಕೂತು ತೊಂದರೆ ಹುಡುಕಿದರೆ ಅದಕ್ಕೆ ದುಡ್ಡು ಕೊಡುವವರು ಯಾರು? ಆದರೆ ಫೈಲುಗಳು ನಿಮ್ಮವು, ಹೋದರೆ ಹೋಗುವುದು ನಿಮ್ಮದೇ. ಅದಕ್ಕಿಂತ ಮುಖ್ಯವಾಗಿ, ಫಾರ್ಮ್ಯಾಟ್ ಮಾಡಿದ ಮೇಲೆ ಮೊದಲು ಏನು ಕೆಟ್ಟಿತ್ತು ಅನ್ನುವುದು ಗೊತ್ತಾಗುವುದೇ ಇಲ್ಲ. ಡಿಸ್ಕೇ ಸಾಯ್ತಾ ಇದ್ದರೆ ಹೊಸ ವಿಂಡೋಸ್ ಹಾಕಿದರೂ ಒಂದೆರಡು ತಿಂಗಳಲ್ಲಿ ಅದೇ ಕಥೆ.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಕೆಟ್ಟಿರುವುದು ಡಿಸ್ಕೋ, ವಿಂಡೋಸೋ, ಅಥವಾ ಆ ಒಂದು ಫೈಲೋ? ಮೂರಕ್ಕೂ ಮಾಡಬೇಕಾದ್ದು ಬೇರೆ ಬೇರೆ. ಒಂದಕ್ಕೆ ಮಾಡುವುದನ್ನು ಇನ್ನೊಂದಕ್ಕೆ ಮಾಡಿದರೆ ಕೆಲವು ಸಲ ಇದ್ದದ್ದೂ ಹೋಗುತ್ತದೆ. ಇಲ್ಲಿ ಬರೆದಿರುವುದೆಲ್ಲ ವಿಂಡೋಸ್ 10 ಮತ್ತು 11 ಇರುವ ಡೆಸ್ಕ್‌ಟಾಪ್‌ಗಳಿಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ಡಿಟಿಪಿ ಅಂಗಡಿ, ಶಾಲೆ, ಸಣ್ಣ ಆಫೀಸುಗಳಲ್ಲಿ ಅದಿನ್ನೂ ಓಡುತ್ತಲೇ ಇದೆ ಅಲ್ವಾ.

ಮೊದಲು ಡಿಸ್ಕ್

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಡಿಸ್ಕ್ ನೋಡಿ. ಅಲ್ಲಿ 100% ಅಂತ ಕಂಡರೆ ಎಲ್ಲರೂ ಗಾಬರಿಯಾಗ್ತಾರೆ, ಆದರೆ ನೋಡಬೇಕಾದ್ದು ಅದಲ್ಲ. ಕೆಳಗೆ ಓದುವ ಮತ್ತು ಬರೆಯುವ ವೇಗ, ಆವರೇಜ್ ರೆಸ್ಪಾನ್ಸ್ ಟೈಮ್ ಅಂತ ಬರೆದಿರುತ್ತದೆ. ಸೆಕೆಂಡಿಗೆ ನೂರು ಎಂಬಿ ಓಡಾಡುತ್ತಾ 100% ಇದ್ದರೆ ಅದು ಕೆಲಸ ಮಾಡುತ್ತಿದೆ, ಬಿಡಿ. ಒಂದು ಎಂಬಿಯೂ ಓಡಾಡದೆ 100% ಇದ್ದು, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ತೋರಿಸಿದರೆ ಡಿಸ್ಕ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಒದ್ದಾಡುತ್ತಿರಬಹುದು. ಹಳೆಯ ಹಾರ್ಡ್‌ಡಿಸ್ಕ್ ಸುಮ್ನೆ ನಿಧಾನ ಇರುವುದೂ ಉಂಟು, ಹಾಗಾಗಿ ಇಷ್ಟಕ್ಕೇ ತೀರ್ಮಾನ ಮಾಡಬೇಡಿ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಪುಕ್ಕಟೆ ತಂತ್ರಾಂಶ ಇದೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಇದು ಅದನ್ನು ಓದಿ ತೋರಿಸುತ್ತದೆ. ಹಾರ್ಡ್‌ಡಿಸ್ಕ್ ಆದರೆ ಮೂರು ಸಾಲು ನೋಡಿದರೆ ಸಾಕು. 05 ಅಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರ್‌ಗಳು, ಅಂದರೆ ಡಿಸ್ಕ್‌ನ ಸಣ್ಣ ಸಣ್ಣ ತುಣುಕುಗಳು. ಸಿ5 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು. ಸಿ6 ಅಂದರೆ ಸರಿಪಡಿಸಲು ಆಗದವು. ಈ ಮೂರೂ ಸೊನ್ನೆ ಇರಬೇಕು. ಒಂದು ವಿಷಯ ಗಮನಿಸಿ, ಅಲ್ಲಿನ ರಾ ವ್ಯಾಲ್ಯೂ ಮಾಮೂಲಾಗಿ ಹೆಕ್ಸಾಡೆಸಿಮಲ್‌ನಲ್ಲಿ ಇರುತ್ತದೆ, 10 ಅಂತ ಕಂಡರೆ ಅದು ಹದಿನಾರು. 05ರಲ್ಲಿ ಸಣ್ಣ ಅಂಕಿ ಇದ್ದು ವರ್ಷಗಟ್ಟಲೆ ಹಾಗೇ ನಿಂತಿದ್ದರೆ ಅಷ್ಟು ಭಯವಿಲ್ಲ. ವಾರಕ್ಕೊಮ್ಮೆ ನೋಡಿದಾಗ ಏರುತ್ತಿದ್ದರೆ ಆ ಡಿಸ್ಕ್‌ನ ಕಥೆ ಮುಗೀತಾ ಬಂತು.

ಸಿ7 ಅಂತ ಇನ್ನೊಂದು ಸಾಲು ಇದೆ. ಅದು ಏರುತ್ತಾ ಹೋದರೆ ಹೆಚ್ಚಾಗಿ ತಪ್ಪು ಡಿಸ್ಕ್‌ನದ್ದಲ್ಲ, ಅದನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್‌ನದ್ದು. ಕಡಿಮೆ ಖರ್ಚಿನ ಒಂದು ಕೇಬಲ್ ಬದಲಿಸುವ ಬದಲು ಹೊಸ ಡಿಸ್ಕೇ ಹಾಕಿಸಿಕೊಂಡು ಬರುವವರು ಕಡಿಮೆ ಇಲ್ಲ. ಕೇಬಲ್ ಬದಲಿಸಿದ ಮೇಲೂ ಹಳೆಯ ಅಂಕಿ ಹಾಗೇ ಉಳಿದಿರುತ್ತದೆ, ಅದು ಇಳಿಯುವುದಿಲ್ಲ. ಮುಂದೆ ಏರದಿದ್ದರೆ ಆಯ್ತು.

ಇದಕ್ಕೆ ಸಾಕ್ಷಿ ಬೇಕಾದರೆ ಇವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡಿ. ಡಿಸ್ಕ್ ಹೆಸರಲ್ಲಿ 7 ಅನ್ನುವ ಐಡಿ ಬಂದಿದ್ದರೆ ಬ್ಯಾಡ್ ಬ್ಲಾಕ್. 153 ಬಂದಿದ್ದರೆ ಓದುವುದೋ ಬರೆಯುವುದೋ ಒಮ್ಮೆಗೇ ಆಗದೆ ಮತ್ತೆ ಪ್ರಯತ್ನಿಸಬೇಕಾಯ್ತು ಅಂತ ಅರ್ಥ. ಕರ್ನಲ್ ಪವರ್ 41 ಅಂತ ಕೆಂಪು ಗುರುತು ಕಂಡರೆ ಗಾಬರಿ ಬೇಡ, ಸಿಸ್ಟಮ್ ಸರಿಯಾಗಿ ಆಫ್ ಆಗದೆ ಏಕಾಏಕಿ ನಿಂತಿತ್ತು ಅಂತಷ್ಟೇ ಅದು ಹೇಳುತ್ತದೆ. ಕರೆಂಟ್ ಹೋಗಿರಬಹುದು, ಯುಪಿಎಸ್ ಬ್ಯಾಟರಿ ಸತ್ತಿರಬಹುದು, ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಕೈಕೊಟ್ಟಿರಬಹುದು. ಕರೆಂಟ್ ಇದ್ದಾಗಲೂ ದಿನಾ 41 ಬರುತ್ತಿದ್ದರೆ ವಿಂಡೋಸ್ ಬಿಟ್ಟು ಎಸ್‌ಎಂಪಿಎಸ್, ರ‍್ಯಾಮ್ ಕಡೆ ನೋಡಿ.

ಡಿಸ್ಕ್ ಹೋಗ್ತಿದೆ ಅಂತ ಅನುಮಾನ ಬಂದರೆ ಮಾಡಬೇಕಾದ ಮೊದಲ ಕೆಲಸ ರಿಪೇರಿ ಅಲ್ಲ, ಕಾಪಿ. ಬೇಕೇ ಬೇಕು ಅನ್ನುವ ಫೈಲುಗಳನ್ನು ಮೊದಲು, ಫೋಟೋಗಳನ್ನು ಆಮೇಲೆ, ಸಿನಿಮಾಗಳನ್ನು ಕೊನೆಗೆ. ಇಲ್ಲಿ ಬಹಳ ಜನ ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಕಮಾಂಡ್ ಓಡಿಸಿಬಿಡ್ತಾರೆ, ಅದರಲ್ಲೂ ಸ್ಲ್ಯಾಶ್ ಆರ್ ಹಾಕಿ. ಅದು ಡಿಸ್ಕ್‌ನ ಒಂದೊಂದು ಸೆಕ್ಟರನ್ನೂ ಓದುತ್ತಾ ಹೋಗುತ್ತದೆ. ಏದುಸಿರು ಬಿಡುತ್ತಿರುವ ಡಿಸ್ಕ್‌ಗೆ ಅಷ್ಟು ಕೆಲಸ ಕೊಟ್ಟರೆ ಅದು ಅರ್ಧ ದಾರಿಯಲ್ಲೇ ಮಲಗಬಹುದು. ಅದೂ ಅಲ್ಲದೆ ಚೆಕ್‌ಡಿಸ್ಕ್‌ಗೆ ಬೇಕಿರುವುದು ಫೈಲ್ ಸಿಸ್ಟಮ್, ಅಂದರೆ ಯಾವ ಫೈಲು ಎಲ್ಲಿದೆ ಅನ್ನುವ ಲೆಕ್ಕ, ಸರಿಯಾಗುವುದು, ನಿಮ್ಮ ಫೈಲು ಉಳಿಯುವುದಲ್ಲ. ತುಂಡಾದ ಫೈಲುಗಳನ್ನು ಫೌಂಡ್ ಸೊನ್ನೆ ಸೊನ್ನೆ ಸೊನ್ನೆ ಅನ್ನುವ ಫೋಲ್ಡರಿಗೆ ತುಂಬಿ, ಕೆಲಸ ಮುಗೀತು ಅಂದುಬಿಡುತ್ತದೆ. ಕಾಪಿ ಆದ ಮೇಲೆ ಎಷ್ಟು ಬೇಕಾದರೂ ಓಡಿಸಿ. ಡಿಸ್ಕ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತಿದ್ದರೆ ಕಾಪಿಯೂ ಬೇಡ. ಸ್ವಿಚ್ ಆರಿಸಿ, ಫೈಲುಗಳಿಗೆ ಅಷ್ಟು ಬೆಲೆ ಇದ್ದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ.

ಡಿಸ್ಕ್ ಚೆನ್ನಾಗಿದೆ, ಆದರೂ ಸ್ಲೋ

ದಿನಾ ರಾತ್ರಿ ಶಟ್‌ಡೌನ್ ಮಾಡ್ತೀನಿ ಅಂತೀರಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಒತ್ತಿ ಅಪ್ ಟೈಮ್ ನೋಡಿ, ಎಷ್ಟೋ ದಿನ ಅಂತ ತೋರಿಸಬಹುದು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಬಂದಿದೆ. ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ತನ್ನ ತಿರುಳಾದ ಕರ್ನಲ್ ಭಾಗವನ್ನು ಹಾಗೇ ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ, ಮಾರನೇ ದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ಹಳೆಯ ತೊಂದರೆಯೂ ಅದರ ಜೊತೆಗೇ ಏಳುತ್ತದೆ. ಪೂರ್ತಿ ಮುಚ್ಚಿ ತೆರೆಯುವುದು ರೀಸ್ಟಾರ್ಟ್ ಮಾತ್ರ. ಪ್ರಿಂಟರ್ ಸಿಗುತ್ತಿಲ್ಲ, ಸೌಂಡ್ ಬರುತ್ತಿಲ್ಲ ಅನ್ನುವ ಅರ್ಧ ದೂರುಗಳು ಒಂದು ರೀಸ್ಟಾರ್ಟ್‌ಗೆ ಹೋಗುತ್ತವೆ.

ಸಿ ಡ್ರೈವ್ ತುಂಬಿ ಕೆಂಪಾಗಿದ್ದರೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ, ವರ್ಡ್ ಸೇವ್ ಆಗುವುದಿಲ್ಲ, ಎಲ್ಲವೂ ತೆವಳುತ್ತದೆ. ಏನು ತುಂಬಿದೆ ಅಂತ ವಿಜ್‌ಟ್ರೀ ಅಥವಾ ವಿನ್‌ಡಿರ್‌ಸ್ಟ್ಯಾಟ್ ಹಾಕಿ ನೋಡಿ, ಊಹೆ ಮಾಡಬೇಡಿ. ವಿಂಡೋಸ್ ಓಲ್ಡ್ ಅನ್ನುವ ಫೋಲ್ಡರ್ ಇದ್ದರೆ ಡಿಸ್ಕ್ ಕ್ಲೀನಪ್‌ನಿಂದ ತೆಗೆಯಬಹುದು. ಹೈಬರ್‌ಫಿಲ್ ಅನ್ನುವ ಫೈಲು ಹಲವು ಜಿಬಿ ತಿನ್ನುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್ ಎಚ್, ಸ್ಪೇಸ್, ಆಫ್ ಅಂತ ಕೊಟ್ಟರೆ ಅದೂ ಹೋಗುತ್ತದೆ, ಫಾಸ್ಟ್ ಸ್ಟಾರ್ಟಪ್ಪೂ ಹೋಗುತ್ತದೆ. ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಮಾತ್ರ ಮುಟ್ಟಬೇಡಿ. ದೊಡ್ಡದಾಗಿ ಕಾಣುತ್ತದೆ ಅಂತ ಕೈಯಾರೆ ಅಳಿಸಿದರೆ ವಿಂಡೋಸೇ ಕುಸಿಯುತ್ತದೆ.

ವಿಂಡೋಸ್ ಏಳುತ್ತಲೇ ಇಲ್ಲ

ಬೂಟ್ ಆಗುವಾಗ ಎರಡು ಮೂರು ಸಲ ಅರ್ಧಕ್ಕೇ ನಿಂತರೆ ವಿಂಡೋಸ್ ತಾನಾಗಿಯೇ ರಿಕವರಿ ಪರದೆಗೆ ಹೋಗುತ್ತದೆ. ಲಾಗಿನ್ ಪರದೆವರೆಗೆ ಬರುತ್ತಿದ್ದರೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೂ ಅಲ್ಲಿಗೇ ಹೋಗುತ್ತದೆ. ಟ್ರಬಲ್‌ಶೂಟ್ ಒಳಗೆ ಮೊದಲು ಸ್ಟಾರ್ಟಪ್ ರಿಪೇರ್, ಅದಾಗದಿದ್ದರೆ ಇತ್ತೀಚಿನ ಅಪ್‌ಡೇಟ್ ತೆಗೆಯುವುದು, ಆಮೇಲೆ ಸೇಫ್ ಮೋಡ್, ಅಂದರೆ ಬೇಕೇ ಬೇಕಾದ್ದನ್ನು ಮಾತ್ರ ಹೊತ್ತು ಏಳುವ ವಿಂಡೋಸ್. ಸೇಫ್ ಮೋಡ್‌ನಲ್ಲಿ ಚೆನ್ನಾಗಿ ಓಡಿದರೆ ವಿಂಡೋಸ್ ಬುಡ ಗಟ್ಟಿಯಿದೆ, ಯಾವುದೋ ಡ್ರೈವರ್ ಅಥವಾ ಹೊಸದಾಗಿ ಹಾಕಿದ ತಂತ್ರಾಂಶ ಕಾಟ ಕೊಡುತ್ತಿದೆ ಅಂತ ಅರ್ಥ.

2024ರ ಜುಲೈ 19 ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಅಷ್ಟಕ್ಕೂ ಪರಿಹಾರ ಏನಿತ್ತು? ಸೇಫ್ ಮೋಡ್‌ಗೆ ಹೋಗಿ ಒಂದು ಫೈಲು ಅಳಿಸುವುದು. ಒಬ್ಬರದ್ದೂ ಡಿಸ್ಕ್ ಕೆಟ್ಟಿರಲಿಲ್ಲ. ಅವತ್ತು ಐಟಿ ವಿಭಾಗದವರನ್ನು ಸುಸ್ತು ಮಾಡಿದ್ದು ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ. ಸೇಫ್ ಮೋಡ್‌ಗೆ ಹೋಗಲು 48 ಅಂಕಿಯ ರಿಕವರಿ ಕೀ ಕೇಳುತ್ತಿತ್ತು, ಅದು ಎಲ್ಲಿದೆ ಅಂತ ಬಹಳ ಕಡೆ ಕೂಡಲೇ ಸಿಗಲಿಲ್ಲ. ಈಗ ಮನೆಯ ಹೊಸ ವಿಂಡೋಸ್ 11 ಯಂತ್ರಗಳಲ್ಲೂ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಲಾಕ್ ಆಗಿರುವುದು ಸಾಮಾನ್ಯ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಕಾಗದದಲ್ಲಿ ಬರೆದಿಡಿ. ಆಮೇಲೆ ನೆನಪಾದರೆ ಪರದಾಡಬೇಕಾಗುತ್ತದೆ.

ಏಳುತ್ತದೆ, ಆದರೆ ಸ್ಟಾರ್ಟ್ ಮೆನು ತೆರೆಯಲ್ಲ, ಸೆಟ್ಟಿಂಗ್ಸ್ ಮುಚ್ಚಿಕೊಳ್ಳುತ್ತದೆ ಅನ್ನುವಂಥದ್ದಕ್ಕೆ ಎರಡು ಕಮಾಂಡ್ ಇವೆ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೊಡಿ. ಕ್ರಮ ಮುಖ್ಯ. ಮೊದಲು ಡಿಸ್ಮ್, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್. ಅದು ಮುಗಿದ ಮೇಲೆ ಎಸ್‌ಎಫ್‌ಸಿ, ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ. ಎರಡನೆಯದು ಹಾಳಾದ ಸಿಸ್ಟಮ್ ಫೈಲಿನ ಜಾಗಕ್ಕೆ ಒಳ್ಳೆಯ ಪ್ರತಿಯನ್ನು ವಿಂಡೋಸ್‌ನ ದಾಸ್ತಾನಿನಿಂದ ತಂದಿಡುತ್ತದೆ. ಆ ದಾಸ್ತಾನೇ ಹಾಳಾಗಿದ್ದರೆ ಎಲ್ಲಿಂದ ತರುತ್ತದೆ? ಅದನ್ನು ಸರಿಮಾಡುವುದು ಮೊದಲನೆಯದು. ನಡುವೆ ಅಂಕಿ ನಿಂತಂತೆ ಕಾಣುತ್ತದೆ, ಮುಚ್ಚಬೇಡಿ. ಇದೂ ಆಗದಿದ್ದರೆ ರೀಸೆಟ್ ದಿಸ್ ಪಿಸಿ ಒಳಗೆ ಕೀಪ್ ಮೈ ಫೈಲ್ಸ್ ಇದೆ. ನಿಮ್ಮ ಡಾಕ್ಯುಮೆಂಟ್, ಫೋಟೋ ಉಳಿಯುತ್ತವೆ, ನುಡಿ, ಟ್ಯಾಲಿ, ಪ್ರಿಂಟರ್ ಡ್ರೈವರ್ ಎಲ್ಲ ಮತ್ತೆ ಹಾಕಬೇಕು.

ಪರದೆಯೇ ಬರದೆ ಬರೀ ಬೀಪ್ ಬಂದರೆ ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಹಗುರವಾಗಿ ಒರೆಸಿ, ಪುಡಿ ಊದಿ, ಕ್ಲಿಕ್ ಅನ್ನುವಂತೆ ಕೂರಿಸಿ. ಪ್ಲಗ್ ಕಿತ್ತಿಟ್ಟು ಮಾಡಿ ಇದನ್ನು. ಗಡಿಯಾರ ದಿನಾ ಹಿಂದಕ್ಕೆ ಹೋಗಿ, ಎಲ್ಲ ಜಾಲತಾಣಗಳೂ ಸುರಕ್ಷಿತವಲ್ಲ ಅಂತ ಬ್ರೌಸರ್ ಕಿರುಚಿದರೆ ವೈರಸ್ ಅಲ್ಲ, ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್ 2032 ಬ್ಯಾಟರಿ ಸತ್ತಿದೆ. ಜಾಲತಾಣದ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತದೆ, ನಿಮ್ಮ ಯಂತ್ರ ಹಳೆಯ ವರ್ಷದಲ್ಲಿ ಕೂತಿದ್ದರೆ ಅದನ್ನು ಒಪ್ಪುವುದಿಲ್ಲ.

ಫೈಲುಗಳೇ ಮಾಯ

ಡೆಸ್ಕ್‌ಟಾಪ್ ಪೂರ್ತಿ ಖಾಲಿಯಾಗಿ ಹೊಸದರಂತೆ ಕಂಡರೆ ವಿಂಡೋಸ್ ನಿಮ್ಮನ್ನು ತಾತ್ಕಾಲಿಕ ಪ್ರೊಫೈಲ್‌ಗೆ ಹಾಕಿರಬಹುದು. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ನೋಡಿ, ಎಲ್ಲ ಅಲ್ಲೇ ಇರುತ್ತದೆ. ರೀಸ್ಟಾರ್ಟ್ ಮಾಡಿ ನೋಡಿ. ಅಲ್ಲಿಯವರೆಗೆ ಆ ಖಾಲಿ ಡೆಸ್ಕ್‌ಟಾಪ್ ಮೇಲೆ ಏನೂ ಸೇವ್ ಮಾಡಬೇಡಿ, ಲಾಗೌಟ್ ಆದ ಕೂಡಲೇ ಅದು ಅಳಿಸಿಹೋಗುತ್ತದೆ. ಇನ್ನೊಂದು, ಒನ್‌ಡ್ರೈವ್ ಬ್ಯಾಕಪ್‌ಗೆ ಯಾವಾಗಲೋ ಓಕೆ ಒತ್ತಿದ್ದರೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡೂ ಒನ್‌ಡ್ರೈವ್ ಫೋಲ್ಡರ್ ಒಳಕ್ಕೆ ಹೋಗಿರುತ್ತವೆ. ಅಲ್ಲೂ ಹುಡುಕಿ.

ಪೆನ್‌ಡ್ರೈವ್ ಕಥೆ ಬೇರೆ. ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಮೇಲೆ ಎಲ್ಲ ಫೋಲ್ಡರ್ ಶಾರ್ಟ್‌ಕಟ್ ಆಗಿವೆ ಅಥವಾ ಡ್ರೈವ್ ಖಾಲಿ ಕಾಣುತ್ತದೆ, ಆದರೆ ಪ್ರಾಪರ್ಟೀಸ್‌ನಲ್ಲಿ ಜಾಗ ತುಂಬಿದೆ ಅನ್ನುತ್ತದೆ. ಫೈಲು ಹೋಗಿಲ್ಲ, ವೈರಸ್ ಅವನ್ನು ಬಚ್ಚಿಟ್ಟಿದೆ. ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ ಮಾತ್ರ ಮಾಡಬೇಡಿ, ವೈರಸ್ ನಿಮ್ಮ ಸಿಸ್ಟಮ್‌ಗೆ ಬರುವುದೇ ಆ ಬಾಗಿಲಿಂದ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಅಟ್ರಿಬ್ ಅಂತ ಬರೆದು ಮೈನಸ್ ಎಚ್, ಮೈನಸ್ ಎಸ್, ಮೈನಸ್ ಆರ್, ಆಮೇಲೆ ಡ್ರೈವಿನ ಅಕ್ಷರ, ಕೋಲನ್, ಬ್ಯಾಕ್‌ಸ್ಲ್ಯಾಶ್, ನಕ್ಷತ್ರದ ಗುರುತು, ಕೊನೆಗೆ ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ಕೋಲನ್, ಬ್ಯಾಕ್‌ಸ್ಲ್ಯಾಶ್, ನಕ್ಷತ್ರ ಮೂರೂ ಡ್ರೈವಿನ ಅಕ್ಷರಕ್ಕೆ ಅಂಟಿಕೊಂಡಿರಬೇಕು, ಉಳಿದವುಗಳ ನಡುವೆ ಸ್ಪೇಸ್. ಕೆಲವು ಸಲ ಎಲ್ಲವೂ ಹೆಸರೇ ಇಲ್ಲದ ಫೋಲ್ಡರ್ ಒಂದರಲ್ಲಿ ಸಿಗುತ್ತವೆ. ಅದನ್ನು ಕಸ ಅಂತ ಅಳಿಸಿಬಿಡಬೇಡಿ, ಒಳಗೆ ನೋಡಿ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್‌ಗೆ ಟಿಕ್ ಹಾಕಿಟ್ಟರೆ ಫೋಟೋ ವೇಷದಲ್ಲಿ ಬಂದ ಇಎಕ್ಸ್‌ಇ ಫೈಲು ಕಣ್ಣಿಗೆ ಬೀಳುತ್ತದೆ.

ಕನ್ನಡ ಫೈಲು ತೆರೆದರೆ ಗಜಿಬಿಜಿ

ಫೈಲ್ ಕರಪ್ಟ್ ಆಗಿದೆ ಅಂತ ನಮ್ಮವರು ಹೇಳುವುದರಲ್ಲಿ ದೊಡ್ಡ ಪಾಲು ಕರಪ್ಟೇ ಅಲ್ಲ, ಇದು. ಗಜಿಬಿಜಿ ಹೇಗಿದೆ ಅಂತ ಸರಿಯಾಗಿ ನೋಡಿದರೆ ಕಾರಣ ಅದರಲ್ಲೇ ಬರೆದಿರುತ್ತದೆ.

ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷಿನ ದೊಡ್ಡ ಎ, ಪೌಂಡ್ ಹಣದ ಗುರುತು, ಬೀಟಾ ಥರದ ಅಕ್ಷರ ಎಲ್ಲ ತುಂಬಿದ್ದರೆ ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಗುರುತುಗಳಿಗೇ ಕನ್ನಡದ ರೂಪ ಕೊಟ್ಟ ಫಾಂಟಿನಲ್ಲಿ ಟೈಪ್ ಮಾಡಿದ್ದು. ಫೈಲಿಗೆ ಏನೂ ಆಗಿಲ್ಲ, ಆ ಫಾಂಟ್ ನಿಮ್ಮ ಸಿಸ್ಟಮ್‌ನಲ್ಲಿ ಇಲ್ಲ ಅಷ್ಟೇ. ಫಾಂಟ್ ಹಾಕಿ, ಎಲ್ಲ ಸೆಲೆಕ್ಟ್ ಮಾಡಿ, ಅದನ್ನು ಕೊಟ್ಟರೆ ಕನ್ನಡ ಬರುತ್ತದೆ. ಶಾಶ್ವತವಾಗಿ ಯೂನಿಕೋಡ್ (ಕನ್ನಡ ಅಕ್ಷರಗಳಿಗೇ ಬೇರೆ ಸಂಖ್ಯೆ ಇರುವ ಕೋಡ್) ಮಾಡಬೇಕಾದರೆ ನುಡಿ, ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಮಾಡಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದು ಸಲ ಓದಿ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಅಕ್ಷರ ಆದಮೇಲೆ ಇಟ್ಟಿರುತ್ತಾರೆ, ಯೂನಿಕೋಡ್‌ನಲ್ಲಿ ರ ಮೊದಲು ಬರುತ್ತದೆ, ತಿರುಗಿಸುವಾಗ ಎಡವಟ್ಟಾಗುವುದು ಅಲ್ಲೇ. ನಡುನಡುವೆ ಇಂಗ್ಲಿಷ್ ಪದ ಇದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿ ಬರಬಹುದು.

ಸಣ್ಣ ಎ ಮೇಲೆ ಓರೆ ಗೆರೆ, ಅದರ ಪಕ್ಕ ಮೇಲಕ್ಕೆ ಬರೆದ ಪುಟ್ಟ 2 ಅಥವಾ 3, ಇದೇ ಜೋಡಿ ಸಾಲುದ್ದಕ್ಕೂ ಬರುತ್ತಿದ್ದರೆ ಅದು ಒಳ್ಳೆಯ ಯೂನಿಕೋಡ್ ಕನ್ನಡವೇ. ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್ 8 ವಿಧಾನವನ್ನು ಹಳೆಯ ಕೋಡ್‌ಪೇಜ್ (ಇಂಗ್ಲಿಷಿನಂಥ ಲಿಪಿಯ ಅಕ್ಷರಪಟ್ಟಿ) ಅಂದುಕೊಂಡು ತೆರೆಯಲಾಗಿದೆ. ಕನ್ನಡದ ಒಂದೊಂದು ಅಕ್ಷರವೂ, ಸ್ವರ ಚಿಹ್ನೆಯೂ ಯುಟಿಎಫ್ 8ರಲ್ಲಿ ಮೂರು ಬೈಟ್, ಮೊದಲ ಎರಡು ಬೈಟ್ ಯಾವಾಗಲೂ ಈ ಎರಡು ಜೋಡಿಗಳಲ್ಲಿ ಒಂದು, ಅದಕ್ಕೇ ಹೀಗೆ ಕಾಣುವುದು. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಇದು ಜಾಸ್ತಿ. ಡೇಟಾ ಮೆನುವಿಗೆ ಹೋಗಿ ಫ್ರಂ ಟೆಕ್ಸ್ಟ್ ಸಿಎಸ್‌ವಿ ಕೊಟ್ಟು, ಫೈಲ್ ಒರಿಜಿನ್‌ನಲ್ಲಿ ಯುಟಿಎಫ್ 8ರ ಸಂಖ್ಯೆಯಾದ 65001 ಆರಿಸಿ.

ಬರೀ ಚೌಕಗಳಿದ್ದರೆ ಕನ್ನಡ ಫಾಂಟ್ ಸಿಗುತ್ತಿಲ್ಲ. ವಿಂಡೋಸ್ 8ರಿಂದ ನಿರ್ಮಲಾ ಯುಐ ಇದೆ, ಅದಕ್ಕೆ ಬದಲಿಸಿ ನೋಡಿ. ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕದಲ್ಲಿ ಕೂತಿದ್ದರೆ ಅದು ತಂತ್ರಾಂಶದ ಸೆಟ್ಟಿಂಗ್. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಬೇಕು. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇಲ್ಲ, ಅಲ್ಲಿ ಗುದ್ದಾಡಬೇಡಿ.

ಎಲ್ಲ ಕಡೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಮಾತ್ರ ಬೇಸರದ ಸುದ್ದಿ. ಯಾರೋ ಅದನ್ನು ಆನ್ಸಿ ಅಂತ, ಅಂದರೆ ಕನ್ನಡಕ್ಕೆ ಜಾಗವೇ ಇಲ್ಲದ ಹಳೆಯ ವಿಧಾನದಲ್ಲಿ ಸೇವ್ ಮಾಡಿದ್ದಾರೆ. ಆಗ ಕನ್ನಡ ಅಕ್ಷರದ ಜಾಗದಲ್ಲಿ ನಿಜವಾಗಿಯೂ ಪ್ರಶ್ನೆ ಚಿಹ್ನೆಯೇ ಬರೆದುಹೋಗಿರುತ್ತದೆ, ಯಾವ ಪರಿವರ್ತಕವೂ ವಾಪಸ್ ತರುವುದಿಲ್ಲ, ಹಳೆಯ ಪ್ರತಿ ಹುಡುಕಬೇಕು. ನೋಟ್‌ಪ್ಯಾಡ್ 2019ರ ಅಪ್‌ಡೇಟ್‌ನಿಂದ ಯುಟಿಎಫ್ 8ರಲ್ಲೇ ಸೇವ್ ಮಾಡುತ್ತದೆ, ಎಕ್ಸೆಲ್‌ನಲ್ಲಿ ಮಾತ್ರ ನೀವೇ ಸಿಎಸ್‌ವಿ ಯುಟಿಎಫ್ 8 ಅನ್ನುವುದನ್ನು ಆರಿಸಬೇಕು.

ಕಾಪಿ ಆಗಲ್ಲ, ಅಳಿಸಕ್ಕಾಗಲ್ಲ, ತೆರೆಯಲ್ಲ

ಜಾಗ ಇದ್ದರೂ ಫೈಲು ದೊಡ್ಡದಾಯ್ತು ಅಂದರೆ ಪೆನ್‌ಡ್ರೈವ್ ಫ್ಯಾಟ್ 32 ಅನ್ನುವ ಹಳೆಯ ಫೈಲ್ ಸಿಸ್ಟಮ್‌ನಲ್ಲಿದೆ, ಒಂದೊಂದು ಫೈಲು 4 ಜಿಬಿ ಒಳಗಿರಬೇಕು. ಎಕ್ಸ್‌ಫ್ಯಾಟ್‌ಗೆ ಬದಲಿಸಿ, ಮೊದಲು ಒಳಗಿದ್ದದ್ದನ್ನು ತೆಗೆದಿಟ್ಟು. ಬಳಕೆಯಲ್ಲಿದೆ ಅಂತ ಅಳಿಸಲು ಬಿಡದಿದ್ದರೆ ರಿಸೋರ್ಸ್ ಮಾನಿಟರ್‌ನ ಸಿಪಿಯು ಪುಟದಲ್ಲಿ ಫೈಲಿನ ಹೆಸರು ಹುಡುಕಿ, ಯಾವ ತಂತ್ರಾಂಶ ಹಿಡಿದಿದೆ ಅಂತ ತೋರಿಸುತ್ತದೆ. ಪಾತ್ ಉದ್ದವಾಯ್ತು ಅಂದರೆ ಡ್ರೈವಿನಿಂದ ಫೈಲಿನವರೆಗಿನ ಹೆಸರು 260ರ ಮಿತಿ ದಾಟಿದೆ. ಕನ್ನಡದಲ್ಲಿ ಹೆಸರಿಡುವವರಿಗೆ ಇದು ಬೇಗ ಬರುತ್ತದೆ, ಯಾಕೆಂದರೆ ವಿಂಡೋಸ್ ಸ್ವರ ಚಿಹ್ನೆ, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಸ್ತ್ರೀ ಅನ್ನುವುದು ನಮಗೆ ಒಂದಕ್ಷರ, ಅದಕ್ಕೆ ಆರು. ಮೇಲಿನ ಫೋಲ್ಡರ್‌ಗಳ ಹೆಸರು ಮೊಟಕು ಮಾಡಿ.

ವರ್ಡ್‌ನ ಡಾಕ್ಸ್ ಫೈಲು ತೆರೆಯದಿದ್ದರೆ ಅದರ ಒಂದು ಪ್ರತಿ ಮಾಡಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೊದಲ ಎರಡು ಅಕ್ಷರ ಇಂಗ್ಲಿಷಿನ ಪಿ, ಕೆ ಇದ್ದರೆ ಜೀವ ಇದೆ. ಡಾಕ್ಸ್ ಅಂದರೆ ಒಳಗೆ ಜಿಪ್ ಫೈಲೇ. ವರ್ಡ್‌ನಲ್ಲಿ ಓಪನ್ ಪಕ್ಕದ ಬಾಣ ಒತ್ತಿ ಓಪನ್ ಅಂಡ್ ರಿಪೇರ್ ಕೊಡಿ. ಆಗದಿದ್ದರೆ ಹೆಸರಿನ ಕೊನೆಗೆ ಜಿಪ್ ಅಂತ ಬದಲಿಸಿ ಬಿಚ್ಚಿ, ವರ್ಡ್ ಫೋಲ್ಡರಿನಲ್ಲಿ ಬರಹವೂ ಮೀಡಿಯಾದಲ್ಲಿ ಚಿತ್ರಗಳೂ ಸಿಗಬಹುದು. ನೋಟ್‌ಪ್ಯಾಡ್‌ನಲ್ಲಿ ಬರೀ ಖಾಲಿ ಕಂಡರೆ, ಸೈಜ್ ಮಾತ್ರ ಸರಿಯಿದ್ದರೆ, ಹೆಚ್ಚಾಗಿ ಸೇವ್ ಆಗುವಾಗ ಕರೆಂಟ್ ಹೋಗಿರುತ್ತದೆ. ವಿಂಡೋಸ್ ಡಿಸ್ಕ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್, ಫೈಲಿನ ಹೆಸರು, ಅಳತೆಯನ್ನು ಕಾಪಾಡುತ್ತದೆ, ಒಳಗಿನದ್ದು ಡಿಸ್ಕ್ ಮುಟ್ಟಿರದಿದ್ದರೆ ಬರೀ ಸೊನ್ನೆ. ಅದನ್ನು ರಿಪೇರಿ ಮಾಡುವವರಿಗೆ ದುಡ್ಡು ಕೊಡಬೇಡಿ. ವರ್ಡ್ ಹತ್ತು ನಿಮಿಷಕ್ಕೊಮ್ಮೆ ಆಟೋರಿಕವರ್ ಪ್ರತಿ ಇಡುತ್ತದೆ, ಮ್ಯಾನೇಜ್ ಡಾಕ್ಯುಮೆಂಟ್ ಒಳಗೆ ಅದನ್ನು ಹುಡುಕಿ. ಡೌನ್‌ಲೋಡ್ ಮಾಡಿದ ಪಿಡಿಎಫ್ ತೆರೆಯದಿದ್ದರೂ ಇದೇ ಪರೀಕ್ಷೆ. ಶೇಕಡಾ ಗುರುತು, ಪಿಡಿಎಫ್ ಅಂತ ಶುರುವಾಗಬೇಕು, ಎಚ್‌ಟಿಎಂಎಲ್ ಅಂತ ಇದ್ದರೆ ನಿಮಗೆ ಸಿಕ್ಕಿರುವುದು ಎರರ್ ಪುಟ, ಮತ್ತೆ ಲಾಗಿನ್ ಆಗಿ ಇಳಿಸಿಕೊಳ್ಳಿ.

ಅಳಿಸಿದ ಫೈಲು ರಿಸೈಕಲ್ ಬಿನ್‌ನಲ್ಲಿ ಇಲ್ಲದಿದ್ದರೆ ಎರಡು ದಾರಿ. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್) ಆದರೆ ಆಸೆ ಕಡಿಮೆ, ಟ್ರಿಮ್ ಅನ್ನುವುದು ಅಳಿಸಿದ ಜಾಗವನ್ನು ಬೇಗ ತೊಳೆದುಬಿಡುತ್ತದೆ. ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್ ಆದರೆ ಅದಕ್ಕೆ ಬರೆಯುವುದನ್ನು ಆ ಕ್ಷಣವೇ ನಿಲ್ಲಿಸಿ. ರೆಕುವಾ ಅಥವಾ ಫೋಟೋರೆಕ್ ಓಡಿಸಿ, ಆದರೆ ಆ ತಂತ್ರಾಂಶವನ್ನೂ, ಸಿಕ್ಕ ಫೈಲುಗಳನ್ನೂ ಬೇರೆ ಡ್ರೈವ್‌ಗೇ ಹಾಕಿ. ಫೋಟೋರೆಕ್ ಹೆಸರುಗಳನ್ನು ಉಳಿಸುವುದಿಲ್ಲ, ಸಾವಿರಾರು ಫೈಲು ನಂಬರ್ ಹೊತ್ತು ಬರುತ್ತವೆ, ಸೈಜ್ ಪ್ರಕಾರ ಜೋಡಿಸಿ ದೊಡ್ಡದರಿಂದ ಹುಡುಕಲು ಶುರುಮಾಡಿ.